ಮೂರು ಸಲ ಕೇಳುವ ಮನೆ

ನಾನೂ ನನ್ನ ಗಂಡನೂ ಬೇರೆಯಾಗುತ್ತಿದ್ದೇವೆ ಎಂಬ ಸುದ್ದಿ ನನಗಿಂತ ಮೊದಲೇ ನ್ಯೂಜೆರ್ಸಿಯ ಐಸೆಲಿನ್ ಊರು ತಲುಪಿತ್ತು. ಆ ಶನಿವಾರ ತೊಗರಿಬೇಳೆ, ಹುಣಿಸೆಹಣ್ಣು ತರೋಣವೆಂದು ಅಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಓಕ್ ಟ್ರೀ ರೋಡಿಗೆ ಹೋದರೆ, ಅಂಗಡಿಯ ಸೊಪ್ಪಿನ ಸಾಲಿನಲ್ಲೇ ಮೂವರು ಆಂಟಿಯರು ನನ್ನನ್ನು ಅಡ್ಡಗಟ್ಟಿದರು. "ಕಸ್ಟಡಿ ನಿಂಗೇ ತಾನೇ? ತಾಯಿಗೇ ಕೊಡ್ತಾರಮ್ಮ, ಕಣ್ಣುಮುಚ್ಕೊಂಡು ಕೊಡ್ತಾರೆ" ಎಂದರು ಒಬ್ಬರು. "ಅಯ್ಯೋ ಹಾಗೇನಿಲ್ಲ ರೀ, ಈಗೆಲ್ಲ ಫಿಫ್ಟಿ ಫಿಫ್ಟಿ" ಎಂದರು ಇನ್ನೊಬ್ಬರು. ಮೂರನೆಯವರು ದನಿ ತಗ್ಗಿಸಿ, "ಯಾರ ಜೊತೆ ಇರ್ತೀಯ ಅಂತ ಜಡ್ಜೇ ಮಗೂನ ಕೇಳ್ತಾರಂತೆ. ಈಗಿಂದಲೇ ಹೇಳ್ಕೊಟ್ಟಿರು" ಎಂದರು. ಮೂವರಲ್ಲಿ ಯಾರೂ ಕಾನೂನು ಓದಿದವರಲ್ಲ. ಒಬ್ಬರಂತೂ ಹಲ್ಲಿನ ಡಾಕ್ಟರು. ನನ್ನ ನಿಜವಾದ ಪ್ರಶ್ನೆಯನ್ನು ಅಲ್ಲಿ ಕೇಳಿದ್ದರೆ ಅವರ ಕೈಯಿಂದ ಕೊತ್ತಂಬರಿ ಕಟ್ಟು ಕೆಳಗೆ ಬೀಳುತ್ತಿತ್ತು. ಮಗಳ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಇರಲಿಲ್ಲ. ನನಗೆ ಬೇಕಾಗಿದ್ದವರು ನನ್ನ ಅತ್ತೆ.

ನಮ್ಮ ಮದುವೆ ಮುರಿದದ್ದರಲ್ಲಿ ಕೇಳಿದವರು ಬಾಯಿ ಚಪ್ಪರಿಸುವಂಥದ್ದೇನೂ ಇಲ್ಲ. ಇಬ್ಬರಿಗೂ ಮಾತು ಖಾಲಿಯಾಗಿತ್ತು, ಒಂದು ದಿನ ಅದನ್ನು ಬಾಯಿಬಿಟ್ಟು ಹೇಳಿಕೊಂಡೆವು, ಅಷ್ಟೇ. ಅವನು ಮಾರಿಸ್‌ಟೌನಿನಲ್ಲಿ ಆಫೀಸಿನ ಹತ್ತಿರ ಅಪಾರ್ಟ್‌ಮೆಂಟ್ ಹಿಡಿಯುವುದು, ನಾನೂ ಏಳು ವರ್ಷದ ಮಗಳೂ ಮಾನ್ಮತ್ ಜಂಕ್ಷನ್ನಿನ ಟೌನ್‌ಹೌಸಿನಲ್ಲೇ ಉಳಿಯುವುದು ಎಂದಾಯಿತು. ವಾರ ಬಿಟ್ಟು ವಾರ ಶನಿವಾರ ಭಾನುವಾರ ಅವಳು ಅಪ್ಪನ ಹತ್ತಿರ. ಬೇಸಿಗೆ ರಜೆ ಅರ್ಧರ್ಧ. ಸ್ಕೂಲು, ಡಾಕ್ಟರು ಮುಂತಾದ ದೊಡ್ಡ ತೀರ್ಮಾನಗಳೆಲ್ಲ ಇಬ್ಬರೂ ಸೇರಿ. ಅದಕ್ಕೆ ಇಲ್ಲಿ ಜಾಯಿಂಟ್ ಲೀಗಲ್ ಕಸ್ಟಡಿ ಎನ್ನುತ್ತಾರೆ. ಇಷ್ಟನ್ನೂ ಅಡುಗೆಮನೆಯ ಟೇಬಲ್ಲಿನಲ್ಲೇ ಕೂತು ಮುಗಿಸಿದ್ದೆವು. ಯಾರ ಮಾತಿನಲ್ಲೂ ಬರದೆ ಉಳಿದುಹೋದವರು ಅತ್ತೆ ಒಬ್ಬರೇ.

ಅತ್ತೆ ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ರಿಟೈರಾದವರು. ಮಾವ ತೀರಿಕೊಂಡ ಮೇಲೆ ಮಗ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದ. ನನ್ನ ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಅಲ್ಲಿಂದ ಮುಂದೆ ಅವಳ ತಲೆಗೆ ಎಣ್ಣೆ, ಜೋಳದ ರೊಟ್ಟಿ, ಸ್ಕೂಲ್ ಬಸ್ಸು, ಮಧ್ಯಾಹ್ನದ ಹೋಮ್‌ವರ್ಕು ಎಲ್ಲವೂ ಅಜ್ಜಿಯದೇ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಜ್ಜಿಯ ಮುಂದೆ ಮಾತ್ರ "ಅಜ್ಜೀ, ಇನ್ನೊಂದ್ ರೊಟ್ಟಿ ಹಾಕ" ಎಂದು ಅಚ್ಚ ಧಾರವಾಡದವಳಾಗುತ್ತಿದ್ದಳು. ಮೈಸೂರಿನವಳಾದ ನನಗೆ ಆ ಭಾಷೆ ಮೊದಮೊದಲು ಜಗಳ ಆಡಿದಂತೆ ಕೇಳುತ್ತಿತ್ತು. ಆಮೇಲೆ ಅದಿಲ್ಲದೆ ಮನೆ ಭಣಭಣ ಅನ್ನಿಸತೊಡಗಿತು. ಗಂಡನ ಜೊತೆ ಬಾಳುವುದು ನನಗೆ ಸಾಧ್ಯವಾಗಲಿಲ್ಲ. ಅತ್ತೆಯ ಜೊತೆ ಬಾಳುವುದು ನನಗೆ ಇಷ್ಟವಾಗಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನನ್ನ ಲಾಯರಿಗೆ ಇದನ್ನು ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟಳು. ಅತ್ತೆಯನ್ನು ದೂರ ಇಡಿಸಿ ಎಂದು ಬಂದವರನ್ನು ಆಕೆ ಸಾಕಷ್ಟು ನೋಡಿದ್ದಳಂತೆ, ಹತ್ತಿರ ಇಡಿಸಿ ಎಂದವಳು ನಾನೇ ಮೊದಲು. ಆದರೆ ವಿಷಯವನ್ನು ನೇರವಾಗಿ ಬಿಡಿಸಿ ಹೇಳಿದಳು. ಮಗುವಿನ ಮೇಲೆ ಹಕ್ಕು ತಂದೆತಾಯಿಯರದು. ಅಜ್ಜಿ ತಾನಾಗಿ ಕೋರ್ಟಿಗೆ ಹೋಗಬಹುದು, ಆದರೆ ತನ್ನನ್ನು ನೋಡದಿದ್ದರೆ ಮಗುವಿಗೆ ನಿಜವಾಗಿ ಹಾನಿಯಾಗುತ್ತದೆ ಎಂದು ಸಾಬೀತು ಮಾಡಬೇಕು. ಅದು ಸುಲಭದ ದಾರಿಯಲ್ಲ. ಅದರ ಬದಲು ಈಗಲೇ, ಇಬ್ಬರೂ ಒಪ್ಪುವ ಕಾಲದಲ್ಲೇ, ನಿಮ್ಮ ಒಪ್ಪಂದದೊಳಗೆ ಅಜ್ಜಿಯ ದಿನಗಳನ್ನು ಸೇರಿಸಿಬಿಡಿ ಎಂದಳು. ಇದರಲ್ಲಿ ಅವಸರವೂ ಇತ್ತು. ಗಂಡನ ಕಂಪನಿ ಟೆಕ್ಸಾಸಿಗೆ ಹೋಗುವ ಮಾತು ಆಗಲೇ ಓಡಾಡುತ್ತಿತ್ತು. ಮಗುವನ್ನು ನ್ಯೂಜೆರ್ಸಿಯಿಂದಾಚೆ ಒಯ್ಯಬೇಕಾದರೆ ನನ್ನ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟಿನ ಅಪ್ಪಣೆ ಬೇಕು. ಅಜ್ಜಿಯನ್ನು ಒಯ್ಯುವುದಕ್ಕೆ ಯಾರ ಒಪ್ಪಿಗೆಯೂ ಬೇಡ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಮಂಗಳವಾರದಿಂದ ಗುರುವಾರದವರೆಗೆ ಅತ್ತೆ ನಮ್ಮ ಮನೆಯಲ್ಲಿ, ಉಳಿದಂತೆ ಮಗನ ಮನೆಯಲ್ಲಿ. ಅವನು ಎಲ್ಲಿಗೆ ಹೋದರೂ ಅವರಿಗೆ ಇಲ್ಲಿ ಒಂದು ಕೋಣೆ, ಮೊಮ್ಮಗಳ ಜೊತೆ ಗೊತ್ತಾದ ಹೊತ್ತು. ಗಂಡ, "ಅವ್ವ ಹೂಂ ಅಂದ್ರ ನಂದೇನೂ ತಕರಾರಿಲ್ಲ" ಎಂದ. ಅತ್ತೆ ಹೂಂ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇಬ್ಬರನ್ನೂ ಕೂರಿಸಿ ಒಪ್ಪಂದ ಬರೆಸುವ ಮೀಡಿಯೇಟರ್ ಮುಂದೆ ಅವರನ್ನೂ ಕರೆದುಕೊಂಡು ಹೋಗೋಣ ಎಂದವಳು ನಾನೇ.

ಇಲ್ಲಿ ಅತ್ತೆಯ ಒಂದು ಪದ್ಧತಿಯನ್ನು ಹೇಳಬೇಕು. ಅವರು ಏನನ್ನೂ ಮೊದಲ ಸಲಕ್ಕೆ ಒಪ್ಪಿದವರಲ್ಲ. ಚಹಾ ಬೇಕಾ ಎಂದರೆ "ಬ್ಯಾಡವಾ, ಈಗ ಕುಡದೀನಿ." ಎರಡನೆಯ ಸಲ ಕೇಳಿದರೆ "ಯಾಕ ಸುಮ್ಮನ ತ್ರಾಸು ತಗೋತಿ?" ಮೂರನೆಯ ಸಲಕ್ಕೆ "ಅರ್ಧ ಕಪ್ ಹಾಕು, ನೀ ಕೇಳಂಗಿಲ್ಲ." ಆ ಅರ್ಧ ಕಪ್ಪನ್ನು ತುಂಬಿಸಿಯೇ ಕೊಡಬೇಕು. ಮೈಸೂರಿನಲ್ಲಿ ನಾವೂ ಉಪಚಾರ ಮಾಡುತ್ತೇವೆ, ಆದರೆ ಎರಡು ಸಲಕ್ಕೆ ಸುಸ್ತಾಗುತ್ತೇವೆ. ಅತ್ತೆಯ ಮನೆತನದಲ್ಲಿ ಮೂರು ಸಲ ಕೇಳದಿದ್ದರೆ ಕೇಳಿದಂತೆಯೇ ಅಲ್ಲ. ಒಮ್ಮೆ ಪಕ್ಕದ ಮನೆಯ ಅಮೆರಿಕನ್ ಹೆಂಗಸು ತಾನೇ ಮಾಡಿದ ಆಪಲ್ ಪೈ ತಂದು ಬಾಗಿಲಲ್ಲಿ ನಿಂತಳು. ಅತ್ತೆ ನಗುತ್ತಾ "ನೋ ನೋ, ಪ್ಲೀಸ್" ಎಂದರು. ಆಕೆ ಪಾಪ "ಓಕೆ!" ಎಂದು ತಟ್ಟೆ ಸಮೇತ ವಾಪಸು ಹೋದಳು. "ಕೊಟ್ಟಂಗ ಮಾಡಿ ಒಯ್ದಳು ನೋಡು" ಎಂದು ಅತ್ತೆ ಆ ವಾರವೆಲ್ಲ ಆ ಪೈಯನ್ನು ನೆನೆಸಿಕೊಂಡರು.

ಮೀಡಿಯೇಟರ್ ಐವತ್ತರ ಆಸುಪಾಸಿನ, ಮೆದು ದನಿಯ ಬಿಳಿ ಹೆಂಗಸು. ಟೇಬಲ್ಲಿನ ಮೇಲೆ ಟಿಶ್ಯೂ ಡಬ್ಬ, ಒಂದು ತಟ್ಟೆಯಲ್ಲಿ ಕುಕಿ. ತಟ್ಟೆಯನ್ನು ಅತ್ತೆಯ ಕಡೆ ಸರಿಸಿದಳು. ಅತ್ತೆ "ನೋ, ಥ್ಯಾಂಕ್ಯೂ" ಎಂದರು. ತಟ್ಟೆ ಹಿಂದಕ್ಕೆ ಹೋಯಿತು. ಮುಂದೆ ಆಗಲಿದ್ದದ್ದು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆಕೆ ಅತ್ತೆಯನ್ನೇ ನೋಡುತ್ತಾ, ಮೊಮ್ಮಗಳ ಜೊತೆ ನಿಮಗೆಂದೇ ಗೊತ್ತಾದ ದಿನಗಳು ಬೇಕೇ ಎಂದು ಕೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಇನ್ಸ್‌ಪೆಕ್ಟರ್ ಮುಂದೆ ಮಾತಾಡುವ ಇಂಗ್ಲಿಷಿನಲ್ಲಿ, "ನೋ, ನೋ. ಐ ಡೋಂಟ್ ವಾಂಟ್ ಎನಿಥಿಂಗ್. ಲೆಟ್ ದೆಮ್ ಬಿ ಹ್ಯಾಪಿ" ಎಂದರು.

ಮೀಡಿಯೇಟರ್ ತಲೆದೂಗಿ ಬರೆದುಕೊಂಡಳು. ಅತ್ತೆಗೆ ಇಂಗ್ಲಿಷ್ ಬರದಿದ್ದರೆ ಒಬ್ಬ ದುಭಾಷಿಯಾದರೂ ಇರುತ್ತಿದ್ದ, ಅವನಾದರೂ ಒಂದು ಮಾತು ಹೇಳುತ್ತಿದ್ದ. ಅವರ ಇಂಗ್ಲಿಷ್ ಅಷ್ಟು ಚೆನ್ನಾಗಿದ್ದದ್ದೇ ನಮಗೆ ಮುಳುವಾಯಿತು.

"ಅತ್ತೆ, ಸರಿಯಾಗಿ ಹೇಳಿ. ಮಂಗಳವಾರದಿಂದ ಗುರುವಾರ. ಬೇಕು ತಾನೇ?" ಎಂದು ನಾನು ಕನ್ನಡದಲ್ಲಿ ಶುರುಮಾಡಿದೆ. ಮೀಡಿಯೇಟರ್ ಕೈಯೆತ್ತಿ ತಡೆದಳು. ಆಕೆ ಒಮ್ಮೆ ಬೇಡ ಎಂದಿದ್ದಾರೆ, ಅದನ್ನು ಗೌರವಿಸೋಣ ಎಂದಳು. "ನಮ್ಮಲ್ಲಿ ಮೂರು ಸಲ ಕೇಳಬೇಕು" ಎಂದೆ. ನಾನು ಏನೋ ಬೆದರಿಕೆ ಹಾಕಿದೆ ಎಂಬಂತೆ ಆಕೆ ನನ್ನನ್ನು ನೋಡಿದಳು. ಒಬ್ಬರು ಬೇಡ ಎಂದ ಮೇಲೂ ಕೇಳುತ್ತಲೇ ಇರುವುದು ನಮ್ಮಲ್ಲಿ ಪ್ರೀತಿ. ಆ ಕೋಣೆಯಲ್ಲಿ ಅದಕ್ಕೆ ಒತ್ತಡ ಎಂದು ಹೆಸರು. ನಾನು ಗಂಡನ ಕಡೆ ತಿರುಗಿದೆ. ಆ ತಾಯಿಯ ಮೂರನೆಯ ಸಲದ ರೊಟ್ಟಿ ಉಂಡು ಬೆಳೆದವನು, "ಅವ್ವಗ ಓಡಾಟ ತ್ರಾಸ ಆಗ್ತದ. ಬ್ಯಾಡ ಅಂದಳಲ್ಲ, ಬಿಡು" ಎಂದ. ನನಗೆ ಬಂದ ಸಿಟ್ಟಿಗೆ ಆ ಕುಕಿ ತಟ್ಟೆ ಎತ್ತಿ ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ಎರಡನೆಯ ಭೇಟಿಯಲ್ಲಿ ಕರಡನ್ನು ಓದಿ ಹೇಳುತ್ತೇನೆ, ಆಮೇಲೆ ಸಹಿ ಎಂದು ಮೀಡಿಯೇಟರ್ ನಮ್ಮನ್ನು ಕಳಿಸಿದಳು.

ಲಾಯರಿಗೆ ಫೋನ್ ಮಾಡಿದೆ. ಆಕೆ ಇನ್ನೂ ಖಡಾಖಂಡಿತ. ಅತ್ತೆಯ ಹತ್ತಿರ ಈ ಮಾತು ಎತ್ತಲೇಬೇಡ, ಸೊಸೆ ಪುಸಲಾಯಿಸಿ ಹೇಳಿಸಿದಳು ಎಂದಾದರೆ ಆ ಒಪ್ಪಿಗೆಗೆ ಬೆಲೆಯಿಲ್ಲ ಎಂದಳು. ಹಾಗಾಗಿ ನಾನು, ಜೀವನದಲ್ಲಿ ಮೊದಲ ಬಾರಿಗೆ, ಬಾಯಿ ಮುಚ್ಚಿಕೊಂಡಿದ್ದೆ.

ಅದು ಕಷ್ಟದ ಕಾಲ. ಮಗಳ ಸ್ಕೂಲು ಮುಗಿದೊಡನೆ ಅತ್ತೆ ಮಾರಿಸ್‌ಟೌನಿಗೆ ಹೊರಡುವುದೆಂದಿತ್ತು, ಸೂಟ್‌ಕೇಸು ಹಾಲಿನಲ್ಲಿ ಬಾಯಿ ತೆರೆದು ಬಿದ್ದಿತ್ತು. ಅತ್ತೆ ಅದರಲ್ಲಿ ತಮ್ಮ ರೊಟ್ಟಿಯ ಹಂಚನ್ನು ಇಟ್ಟರು. ಮರುದಿನ ರೊಟ್ಟಿ ಬಡಿಯಬೇಕೆಂದು ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು. ಒಂದು ದಿನ ಹಿಟ್ಟು ನಾದುತ್ತಾ, ನನ್ನ ಮುಖ ನೋಡದೆ, "ಮುಂದಿನ ವರ್ಷ ಇಕಿನ್ನ ಬಸ್ಸಿನಿಂದ ಯಾರು ಇಳಸ್ಕೋತಾರ?" ಎಂದು ಕೇಳಿದರು. ಲಾಯರ್ ಹೇಳಿದ್ದನ್ನು ನೆನೆದು, "ಸಂಜೆವರೆಗೂ ಸ್ಕೂಲಲ್ಲೇ ನೋಡ್ಕೊಳ್ಳೋ ಆಫ್ಟರ್‌ಕೇರ್‌ಗೆ ಸೇರಿಸ್ತೀನಿ ಅತ್ತೆ" ಎಂದೆ. ಅವರ ಕೈ ಹಿಟ್ಟಿನಲ್ಲೇ ನಿಂತಿತು. "ಹೌದೇನು. ಛಲೋ ಆತು ಬಿಡು" ಎಂದರು. ನಾನು ಇನ್ನೊಮ್ಮೆ ಕೇಳಲಿ ಎಂದು ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಕೇಳದಿರುವುದನ್ನು ಅವರು ಹೇಗೆ ತಿಳಿದುಕೊಳ್ಳುತ್ತಾರೆಂದೂ ಗೊತ್ತಿತ್ತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಎರಡನೆಯ ಭೇಟಿಗೆ ಅತ್ತೆ ಇಳಕಲ್ ಸೀರೆ ಉಟ್ಟು ಬಂದರು. ದಾರಿಯುದ್ದಕ್ಕೂ ಕಾರಿನ ಕಿಟಕಿಯಾಚೆ ನೋಡುತ್ತಿದ್ದರು, ನಾನು ಡ್ರೈವ್ ಮಾಡುತ್ತಿದ್ದೆ. ಗಂಡ ಮೊದಲೇ ಬಂದು ಕೂತಿದ್ದ. ಮೀಡಿಯೇಟರ್ ಕರಡನ್ನು ನಿಧಾನವಾಗಿ ಓದತೊಡಗಿದಳು. ಮಗು ಮುಖ್ಯವಾಗಿ ವಾಸಿಸುವುದು ತಾಯಿಯ ಮನೆಯಲ್ಲಿ. ವಾರ ಬಿಟ್ಟು ವಾರ ಶನಿವಾರ ಭಾನುವಾರ ತಂದೆಯ ಹತ್ತಿರ. ದೀಪಾವಳಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಕೊನೆಗೆ ಆ ಸಾಲು ಬಂತು: ತಂದೆಯ ತಾಯಿ ತಮಗಾಗಿ ಪ್ರತ್ಯೇಕ ಸಮಯವನ್ನು ಬಯಸುವುದಿಲ್ಲ.

ಓದಿ ಮುಗಿಸಿ, ಎಲ್ಲರಿಗೂ ಸರಿಯೇ ಎಂದಳು. ಗಂಡ ಹೂಂ ಎಂದ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅತ್ತೆ ನನ್ನ ಕಡೆ ನೋಡಿದರು. ನಾನು ಟಿಶ್ಯೂ ಡಬ್ಬವನ್ನೇ ನೋಡುತ್ತಿದ್ದೆ. ಮಗನ ಕಡೆ ನೋಡಿದರು. ಅವನು ಫೋನಿನಲ್ಲಿ ಯಾವುದೋ ತಾರೀಖು ಹುಡುಕುತ್ತಿದ್ದ. ಮೀಡಿಯೇಟರ್ ಹಾಳೆಗಳನ್ನು ಜೋಡಿಸಿ ಸಹಿಗೆಂದು ಪೆನ್ನು ತೆಗೆದಳು.

"ಮೇಡಂ," ಎಂದರು ಅತ್ತೆ. ಗಣಿತದ ಟೀಚರ ದನಿ ಅದು, ಹಿಂದಿನ ಬೆಂಚಿನವರೆಗೂ ಕೇಳುವಂಥದ್ದು. "ಪ್ಲೀಸ್ ಆಸ್ಕ್ ಮಿ ಒನ್ಸ್ ಮೋರ್."

ಮೀಡಿಯೇಟರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ನನಗೆ ಕಣ್ಣು ತುಂಬಿ ಬಂದು ಏನೂ ಕಾಣುತ್ತಿರಲಿಲ್ಲ. ಆಕೆ ಪೆನ್ನು ಕೆಳಗಿಟ್ಟು, ಅದೇ ಪ್ರಶ್ನೆಯನ್ನು, ಅದೇ ಮೆದು ದನಿಯಲ್ಲಿ, ಮತ್ತೆ ಕೇಳಿದಳು.

"ಯೆಸ್," ಎಂದರು ಅತ್ತೆ. "ಐ ವಾಂಟ್." ಅವರ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯವರೆಗೆ ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಮಂಗಳವಾರ, ಬುಧವಾರ, ಗುರುವಾರ ಎಂದು ಬೆರಳು ಮಡಿಸಿ ತಾವೇ ಹೇಳಿದರು. ಮೀಡಿಯೇಟರ್ ಆ ಸಾಲನ್ನು ಹೊಡೆದುಹಾಕಿ ಬರೆದುಕೊಳ್ಳತೊಡಗಿದಳು.

ಗಂಡ ಫೋನು ಜೇಬಿಗಿಟ್ಟ. ಮುಖ ಕೆಂಪಾಗಿತ್ತು. "ಅವ್ವಾ, ಬೇಕಿತ್ತಂದ್ರ ನನಗ ಮೊದಲ ಹೇಳಬಾರದೇನು?" ಎಂದ.

ಅತ್ತೆ ಕುಕಿ ತಟ್ಟೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡು ಒಂದನ್ನು ತೆಗೆದುಕೊಂಡರು.

"ನೀ ಒಮ್ಮೆನೂ ಕೇಳಲಿಲ್ಲಲ್ಲೋ ತಮ್ಮಾ," ಎಂದರು.