ಬೆದರುಬೊಂಬೆಗೆ ಕೈಮುಗಿದದ್ದು

ನಗುವುದಾದರೆ ನಗಿ ಗೆಳೆಯರೇ, ಇವತ್ತು ಮಧ್ಯಾಹ್ನ ನಾನೊಂದು ಬೆದರುಬೊಂಬೆಯ ಹತ್ತಿರ ದಾರಿ ಕೇಳಿದೆ.

ಸಹೋದ್ಯೋಗಿಯ ಹೊಸ ಮನೆಗೆಂದು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟವನು ದಾರಿ ತಪ್ಪಿದ್ದೆ. ಜೋಳದ ಹೊಲದಲ್ಲಿ ಬಿಳಿ ಅಂಗಿಯವರೊಬ್ಬರು ಕಂಡರು. ಸ್ಕೂಟರ್ ನಿಲ್ಲಿಸಿ, "ಸರ, ಕಮಲಾಪುರಕ್ಕ ಹ್ಯಾಂಗ ಹೋಗ್ಬೇಕ್ರೀ?" ಎಂದೆ. ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಎಂದು ಕೈಮುಗಿದು, ದನಿ ಏರಿಸಿ ಮತ್ತೆ ಕೇಳಿದೆ.

ಪಕ್ಕದಲ್ಲೇ ಯಾರೋ ನಕ್ಕರು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬದುವಿನ ಮೇಲೆ ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದಳು.

"ಅಂವಾ ಏನ್ ಹೇಳ್ತಾನ್ರೀ ಸರ! ಕಟ್ಟಿಗಿಗೆ ನಮ್ಮ ಮನ್ಯಾಂವಂದು ಅಂಗಿ ತೊಡಿಸೀನಿ. ಎಡಗಡಿ ಹೋಗ್ರೀ ಅಂತ ನಾ ಎರಡು ಸಲ ಹೇಳೀನಿ. ನೀವು ಈ ಕಡಿ ನೋಡ್ಲೇ ಇಲ್ಲ."

ನನಗೆ ನಾಚಿಕೆಯಾಯಿತು. ಆದರೂ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. "ತಪ್ಪಾಯ್ತ್ರೀ ಅಕ್ಕಾರ. ನಾ ಕಾಲೇಜಿನ್ಯಾಗ ಮನಃಶಾಸ್ತ್ರ ಕಲಸ್ತೀನಿ. ಮುಖ ಕಾಣದಿದ್ರೂ ನಡೀತದ. ಒಂದು ಮೈ, ಎರಡು ಕೈ ಕಂಡ್ರ ಸಾಕು, ನಮ್ಮ ಮೆದುಳು ಥಟ್ಟನೆ ಮನುಷಾ ಅಂತ ಗುರ್ತು ಹಿಡೀತದ" ಎಂದು ವಿವರಿಸಿದೆ.

ಆಕೆ ಕುಡುಗೋಲು ಕೆಳಗಿಟ್ಟು, ಗಮನವಿಟ್ಟು ಕೇಳಿದಳು. ಆಮೇಲೆ ಮಣ್ಣು ಮೆತ್ತಿದ ಎರಡೂ ಕೈ ನನ್ನ ಮುಂದೆ ಚಾಚಿದಳು.

"ಹೌದೇನ್ರೀ? ನನಗೂ ಎರಡು ಅದಾವಲ್ರೀ."

ಇಷ್ಟು ವರ್ಷದ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಉತ್ತರ ಗೊತ್ತಿತ್ತು, ಹೇಳುವ ಧೈರ್ಯ ಬರಲಿಲ್ಲ.