ಹೊಗೆಯಿಲ್ಲದ ಕೆಂಡ

ಬಾಣಂತಿಗೆ ಗಾಳಿ ತಾಗಬಾರದು ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಅಕ್ಕನ ಹೆರಿಗೆಯಾದ ಮೇಲೆ ಅಮ್ಮ ಕಾರ್ಕಳದಿಂದ ಮಣಿಪಾಲದ ನಮ್ಮ ಫ್ಲ್ಯಾಟಿಗೆ ಬಂದಾಗ ಒಂದು ಗೋಣಿ ತುಂಬ ತೆಂಗಿನ ಗೆರಟೆಯನ್ನೂ ತಂದಿದ್ದಳು. ಭಾವ ದುಬೈಯಲ್ಲಿದ್ದರು. ಮನೆಯಲ್ಲಿದ್ದದ್ದು ನಾವು ಮೂವರು ಮತ್ತು ಹಸುಗೂಸು.

ಸ್ನಾನದ ನಂತರ ಅಕ್ಕನ ಕೂದಲು ಒಣಗಿಸಲು ಕೆಂಡ ಬೇಕು. ಹೊಗೆ ಮಗುವಿಗೆ ಆಗುವುದಿಲ್ಲವೆಂದು ಅಮ್ಮ ಗೆರಟೆಯನ್ನು ಬಾಲ್ಕನಿಯಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲಷ್ಟೇ ಮಡಕೆಯನ್ನು ಕೋಣೆಯೊಳಗೆ ತರುತ್ತಿದ್ದಳು. ಮಣ್ಣಪಳ್ಳ ಕೆರೆಯ ಕಡೆಯ ಗಾಳಿ ಬರುವ ಗಾಜಿನ ಕಿಟಕಿಯನ್ನು ಮುಚ್ಚಿ ಸಂದಿಗೆ ಹಳೆಯ ಸೀರೆ ತುರುಕಿದ್ದಳು. ಬಾಗಿಲಿನ ಅಡಿಗೂ ಇನ್ನೊಂದು.

ಆ ದಿನ ಮೋಡ ಕವಿದಿತ್ತು. ಕೂದಲು ಒಣಗಲಿಲ್ಲವೆಂದು ಅಮ್ಮ ಎರಡನೆಯ ಮಡಕೆಯನ್ನೂ ತಂದಿಟ್ಟಳು.

"ಸೆಕೆ ಆಗ್ತದೆ ಅಮ್ಮ, ಸ್ವಲ್ಪ ಕಿಟಕಿ ತೆಗಿ," ಎಂದಳು ಅಕ್ಕ.

"ಬಾಣಂತನ ಮುಗೀಲಿ. ಆಮೇಲೆ ಬೇಕಾದ್ರೆ ಕಾಪು ಬೀಚಲ್ಲಿ ಚಾಪೆ ಹಾಕಿ ಮಲಗು."

ಮೂವರೂ ನಕ್ಕೆವು. ನಾನು ಹಾಸಿಗೆಯ ಅಂಚಿನಲ್ಲಿ ಕುಳಿತೆ. ಕೋಣೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಅಮ್ಮ ಯಾವುದೋ ಮದುವೆಯ ಊಟದ ಕತೆ ಹೇಳುತ್ತಿದ್ದಳು, ಅಕ್ಕ ಹೂಂಗುಟ್ಟುತ್ತಿದ್ದಳು. ಒಂದು ಹೂಂಗೂ ಮತ್ತೊಂದಕ್ಕೂ ನಡುವೆ ಹೊತ್ತು ಹೆಚ್ಚುತ್ತ ಹೋಯಿತು. ಕತೆಯಲ್ಲಿ ಪಾಯಸದವರೆಗೆ ಬಂದಿದ್ದ ಅಮ್ಮ ಮತ್ತೆ ಅನ್ನಕ್ಕೆ ಹೋದಳು. ಮತ್ತೆ ಪಾಯಸ. ಮತ್ತೆ ಅನ್ನ. ನನಗದು ವಿಚಿತ್ರವೆನಿಸಲೇ ಇಲ್ಲ. ತಲೆ ಸಿಡಿಯುತ್ತಿತ್ತು, ಆದರೂ ಏಳುವ ಮನಸ್ಸಿರಲಿಲ್ಲ. ಅಷ್ಟು ಹಿತವಾಗಿತ್ತು ಆ ಕೋಣೆ. ಈಗಲೂ ನೆನಪು ಮರುಕಳಿಸಿದಾಗ ಮೈ ನಡುಗುವುದು ಆ ಹಿತಕ್ಕೆ.

ಕಾಲಿಂಗ್ ಬೆಲ್ ಸದ್ದಾಯಿತು. ಹೇಗೋ ಎದ್ದೆ. ಮುಂಬಾಗಿಲು ತೆರೆದರೆ ಕೊರಿಯರಿನವರು ನಿಂತಿದ್ದರು. ಹೊರಗಿನ ಗಾಳಿ ಮುಖಕ್ಕೆ ಬಡಿದದ್ದೇ ತಡ, ವಾಂತಿಯಾಯಿತು. ಗೋಡೆ ಹಿಡಿದು ನಿಂತಾಗ ಹೊಳೆಯಿತು, ಮಗು ಹಾಲಿಗೆ ಅಳುವ ಹೊತ್ತು ಯಾವಾಗಲೋ ದಾಟಿತ್ತು.

ಒಳಗೆ ಓಡಿದೆ. ಅಕ್ಕನ ಕಣ್ಣು ಅರೆತೆರೆದಿತ್ತು, ಕರೆದರೆ ಉತ್ತರವಿಲ್ಲ. ಮಗುವನ್ನು ಎತ್ತಿದರೆ ಅದರ ತಲೆ ನನ್ನ ಅಂಗೈಯಿಂದ ಹಿಂದಕ್ಕೆ ಜಾರಿತು.

ಗೋಡೆಗೊರಗಿದ್ದ ಅಮ್ಮ ನಗುತ್ತಲೇ ಹೇಳಿದಳು, "ಮೆಲ್ಲ ಮಾರಾಯ್ತಿ, ನಿದ್ರೆ ಕೆಡ್ತದೆ."

ನನ್ನ ಕಿರುಚಾಟಕ್ಕೆ ಒಳಬಂದ ಕೊರಿಯರಿನವರ ಕೈಗೆ ಮಗುವನ್ನು ಕೊಟ್ಟು ಕಿಟಕಿ ತೆರೆದೆ. ನೆರೆಮನೆಯವರೂ ಸೇರಿ ಅಕ್ಕನನ್ನೂ ಅಮ್ಮನನ್ನೂ ಹೊರಗೆ ತಂದೆವು.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಮ್ಲಜನಕ ಕೊಟ್ಟರು. ಮಗು ಅತ್ತದ್ದು ಸಂಜೆಗೆ. ಸ್ವಲ್ಪ ಚೇತರಿಸಿಕೊಂಡ ಅಮ್ಮ ವೈದ್ಯರಿಗೆ ಹೇಳುತ್ತಲೇ ಇದ್ದಳು, "ಹೊಗೆ ಇರಲೇ ಇಲ್ಲ ಡಾಕ್ಟ್ರೇ."

"ಹೊಗೆ ಇದ್ದಿದ್ರೆ ನೀವೇ ಕಿಟಕಿ ತೆಗೀತಿದ್ರಿ, ಅಲ್ವಾ? ಕೆಂಡದಿಂದ ಬರುವ ಈ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ."

"ಇವರಿಬ್ಬರು ಹುಟ್ಟಿದಾಗಲೂ ಇದೇ ಮಾಡಿದ್ದು. ಎಂತ ಆಗಿತ್ತು?"

ಕಾರ್ಕಳದ ಆ ಕೋಣೆ ನನಗೆ ಗೊತ್ತು. ಬಾಗಿಲು, ಕಿಟಕಿ ಎಲ್ಲ ಮುಚ್ಚಿದರೂ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು.

ಮನೆಗೆ ಮರಳಿದಾಗ ಅಕ್ಕ ಮಗುವನ್ನೆತ್ತಿಕೊಂಡು ಹೊಸ್ತಿಲಲ್ಲೇ ನಿಂತಳು. ಕಿಟಕಿ ಪೂರ್ತಿ ತೆರೆಯುವವರೆಗೆ ಒಳಗೆ ಕಾಲಿಡಲಿಲ್ಲ. ಅಮ್ಮನೇ ಹೋಗಿ ತೆರೆದಳು. ಒಂದು ಸ್ಟೂಲು ತಂದು ಕಿಟಕಿಗೆ ಬೆನ್ನು ಹಾಕಿ, ಸೆರಗನ್ನು ಅಗಲವಾಗಿ ಹೊದ್ದು ಕುಳಿತಳು.

"ಎಂತ ಅಮ್ಮ, ನೀನೇ ಪರದೆಯಾ?" ಎಂದಳು ಅಕ್ಕ.

"ಗಾಳಿ ಬರ್ಲಿ," ಎಂದಳು ಅಮ್ಮ. "ನನ್ನ ಬೆನ್ನಿಗೆ ತಾಗಿ ಬರ್ಲಿ."

ಮಗುವಿನ ಎದೆ ಏರಿಳಿಯುವುದನ್ನು ಮೂವರೂ ನೋಡುತ್ತ ಕುಳಿತೆವು. ಒಬ್ಬರೂ ಕಣ್ಣು ಮುಚ್ಚಲಿಲ್ಲ.