ಸಿಮೆಂಟ್ ಕುಳ್ಳನ ಮುಂದೊಂದು ಎಲೆ

ಮುರಿಗೆವ್ವನ ಕೈಗೆ ಸಿಕ್ಕ ಯಾವ ವಸ್ತುವೂ ಇದ್ದ ಹಾಗೆ ಉಳಿದದ್ದಿಲ್ಲ. ದೀಪಾವಳಿ ಪಾಡ್ಯಕ್ಕೆ ಅವಳು ಸೆಗಣಿಯಲ್ಲಿ ಮಾಡುವ ಪಾಂಡವರಿಗೆ ಚೆಂಡುಹೂವಿನ ಪೇಟ, ಉತ್ತರಾಣಿಯ ಮೀಸೆ. ಭೀಮನಿಗೆ ಮಾತ್ರ ಹೊಟ್ಟೆ ದೊಡ್ಡದು. ಅದು ತನ್ನ ಗಂಡ ಕುಬೇರಪ್ಪನ ಹೊಟ್ಟೆಯ ಅಳತೆ ಎಂದು ಓಣಿಗೆಲ್ಲ ಅವಳೇ ಹೇಳಿಬಿಟ್ಟಿರುತ್ತಾಳೆ. ಹತ್ತಿ ವ್ಯಾಪಾರದ ಕುಬೇರಪ್ಪ ಪಾಂಡವರಿಗೆ ಕೈಮುಗಿಯುವಾಗ ಭೀಮನ ಕಡೆ ನೋಡುವುದಿಲ್ಲ.

ಸಿಂಗಾರ ಮುಗಿದ ಮೇಲೆ ಅವಳಿಗೆ ಇನ್ನೆರಡು ಕೆಲಸ ಇರುತ್ತವೆ. ಹಣೆಗೆ ಮೂರು ಬೆರಳಿನ ವಿಭೂತಿ, ಮುಂದೆ ಒಂದು ಎಲೆ ಊಟ. ಸಿಂಗಾರ ಮಾಡಿದ ಗೊಂಬೆಯನ್ನು ಉಪವಾಸ ಇಡಬಾರದು ಎನ್ನುತ್ತಾಳೆ. ಹೊಸ ಮಿಕ್ಸರ್ ಬಂದಾಗಲೂ ಅದರ ಮುಂದೆ ಒಂದು ತುತ್ತು ಸಜ್ಜಕ ಇಟ್ಟವಳು.

ಧಾರವಾಡದ ಲಕಮನಹಳ್ಳಿ ಕಡೆಯ ನಮ್ಮ ಓಣಿಯಲ್ಲಿ ಅವಳ ಗೋಡೆಗೆ ಹತ್ತಿದ ಮನೆ ಸಲೋಮಿ ಅಕ್ಕೋರದು. ಸಾಲಿಯಲ್ಲಿ ಕಲಿಸುವ ಕೆಲಸದಿಂದ ನಿವೃತ್ತರಾಗಿದ್ದರೂ ಎಲ್ಲರಿಗೂ ಅಕ್ಕೋರೇ. ಅವರ ಕೈತೋಟದಲ್ಲಿ ಸಿಮೆಂಟಿನ ಒಂದು ಸಂಸಾರವಿದೆ: ಎರಡು ಬಾತುಕೋಳಿ, ಒಂದು ಜಿಂಕೆ, ಚೂಪು ಟೊಪ್ಪಿಗೆಯ ಒಬ್ಬ ಕುಳ್ಳ. ಪ್ರತಿ ಕ್ರಿಸ್‌ಮಸ್‌ಗೂ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಿಂದ ತಂದ ಮಿಂಚಿನ ಮಾಲೆ ಅವುಗಳ ಕೊರಳಿಗೆ ಬೀಳುತ್ತಿತ್ತು.

ಆ ವರ್ಷ ಅವರ ಚರ್ಚಿನವರು ಪ್ಲಾಸ್ಟಿಕ್ ಬೇಡವೆಂದರು. ಗಿಡ, ಹೂ, ಕಾಯಿಗಳಿಂದಲೇ ಕೈತೋಟ ಸಿಂಗರಿಸಬೇಕು. ಯಾರದು ಚೆನ್ನಾಗಿರುತ್ತದೋ ಅವರ ಮನೆ ಕ್ಯಾರಲ್ ತಂಡದ ಕೊನೆಯ ಮನೆ. ಉಳಿದ ಮನೆಗಳ ಬಾಗಿಲಲ್ಲಿ ಎರಡು ಹಾಡು ಹೇಳಿ ಹೋಗುವ ತಂಡ ಕೊನೆಯ ಮನೆಯಲ್ಲಿ ಮಾತ್ರ ಕೂತು, ಮನಸ್ಸು ತುಂಬುವವರೆಗೆ ಹಾಡುತ್ತದೆ. ಹಲವು ವರ್ಷಗಳಿಂದ ಆ ಮನೆ ಚರ್ಚಿನ ಹಿರಿಯ ಪ್ರಭುದಾಸರದೇ ಆಗಿತ್ತು. ತಂಡವೆಲ್ಲ ಕೂರುವಷ್ಟು ದೊಡ್ಡ ಹುಲ್ಲುಹಾಸು ಅವರಿಗಿದೆ.

ಅಕ್ಕೋರು ಆ ತಂಡದ ಹಳೆಯ ದನಿ. ಆದರೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು, ಊರು ಸುತ್ತುವಂತಿರಲಿಲ್ಲ. ಹಾಡು ಅವರ ಗೇಟಿನೊಳಗೆ ಬಂದು ಕೂತರೆ ಮಾತ್ರ ಈ ಸಲ ಅವರಿಗೆ ಹಾಡು. ಇದನ್ನು ಅವರು ಒಮ್ಮೆ ಮಾತ್ರ, ಬೇರೇನೋ ಹೇಳುತ್ತ ನಡುವೆ ಹೇಳಿದರು. ಪಲ್ಯದ ಸೊಪ್ಪು ಸೋಸುತ್ತಿದ್ದ ಮುರಿಗೆವ್ವ ಕೈತೋಟದ ಕಡೆ ತಿರುಗಿದಳು.

“ಅಕ್ಕೋರ, ನಿಮ್ಮ ಜಿಂಕಿ ಗಂಡೋ ಹೆಣ್ಣೋ ಹೇಳ್ರಿ ಮೊದಲ. ಗೆಜ್ಜಿ ಕಟ್ಟಬೇಕೋ, ಬಳಿ ಇಡಸಬೇಕೋ?”

ಕೈತೋಟ ನೋಡಲು ಚರ್ಚಿನವರು ಬರುವ ದಿನವೇ ಎಳ್ಳಮವಾಸ್ಯೆ ಬಿತ್ತು. ಬೆಳಿಗ್ಗೆ ಮುರಿಗೆವ್ವ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಮಧ್ಯಾಹ್ನ ಟೆಂಪೊದಲ್ಲಿ ಹೊಲವನ್ನೇ ಅರ್ಧ ಹೇರಿಕೊಂಡು ಬಂದಳು. ಹಾಲುಗಾಳಿನ ಜೋಳದ ತೆನೆ, ಬಿರಿದ ಹತ್ತಿ, ಔಡಲ ಕಾಯಿ, ಗೋವಿನಜೋಳದ ಸಿಪ್ಪೆ, ಅಂಟಿಗೆಂದು ಒಂದು ಬುಟ್ಟಿ ಎರೆಮಣ್ಣು. ಇವೆಲ್ಲದರ ನಡುವೆ ಕುಬೇರಪ್ಪ, ತೊಡೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟುಕೊಂಡು, ತನ್ನನ್ನೂ ಎಲ್ಲಿಯೋ ಕಟ್ಟಿ ನಿಲ್ಲಿಸುತ್ತಾಳೇನೋ ಎಂಬ ಮುಖದಲ್ಲಿ ಕೂತಿದ್ದ.

ಬಿಸಿಲು ಹೊರಳುವಷ್ಟರಲ್ಲಿ ಬಾತುಕೋಳಿಗಳಿಗೆ ಗೋವಿನಜೋಳದ ಸಿಪ್ಪೆಯ ರೆಕ್ಕೆ ಮೂಡಿದವು. ಜಿಂಕೆಯ ಕೋಡಿಗೆ ತೆನೆಗಳು ತೂಗಿದವು, ಕಾರಹುಣ್ಣಿಮೆಯ ಎತ್ತು ತನ್ನ ಸರದಿ ತಪ್ಪಿ ಚಳಿಗಾಲದಲ್ಲಿ ಬಂದು ನಿಂತ ಹಾಗೆ. ಕುಳ್ಳನಿಗೆ ಹತ್ತಿಯ ಗಡ್ಡ, ಗುಲಗಂಜಿಯ ಗುಂಡಿ, ಟೊಪ್ಪಿಗೆಯ ತುದಿಗೆ ಒಂದು ಔಡಲ ಗೊಂಚಲು. ಜೋಳದ ದಂಟಿನ ಬೆಂಡನ್ನು ಸಿಬಿರಿನಿಂದ ಚುಚ್ಚಿ ಮಾಡಿದ ನಕ್ಷತ್ರ ಪೇರಲ ಗಿಡದಲ್ಲಿ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಅಕ್ಕೋರು ಒಂದೊಂದನ್ನೂ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಸೀರೆ ಬದಲಿಸಲು ಒಳಗೆ ಹೋದರು.

ಅಷ್ಟರಲ್ಲೇ ಅನಾಹುತವಾಯಿತು. ಮುರಿಗೆವ್ವನ ಕೈ, ಅವಳನ್ನು ಕೇಳದೆ, ತನ್ನ ಕೆಲಸ ಮುಗಿಸಿಬಿಟ್ಟಿತು.

ಗೇಟು ತೆರೆದು ಬಂದವರು ಚರ್ಚಿನ ಸಭಾಪಾಲಕರು, ಹಾಡಿನ ಅಭ್ಯಾಸಕ್ಕೆ ಹೊರಟಿದ್ದ ಏಳೆಂಟು ಜನ, ಅವರ ಹಿಂದೆ ತಾವು ಸುಮ್ಮನೆ ನೋಡಲು ಬಂದವರೆಂದು ಹೇಳಿಕೊಳ್ಳುತ್ತ ಪ್ರಭುದಾಸರು. ಎಲ್ಲರೂ ನಕ್ಷತ್ರ ನೋಡಿದರು, ಜಿಂಕೆ ನೋಡಿ ನಕ್ಕರು. ಕುಳ್ಳನ ಹತ್ತಿರ ಬಂದು ನಿಂತುಬಿಟ್ಟರು. ಹಣೆಯ ಮೇಲೆ ವಿಭೂತಿ. ಮುಂದೆ ಬಾಳೆ ಎಲೆಯಲ್ಲಿ ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಬಾತುಕೋಳಿಗಳ ಮುಂದೆಯೂ, ಜಿಂಕೆಯ ಮುಂದೆಯೂ ಹಾಗೇ.

“ಇಲ್ಲಿ ಪೂಜಿ ಆದಂಗ ಐತಲ್ರಿ?” ಎಂದರು ಪ್ರಭುದಾಸರು. ದನಿಯಲ್ಲಿ ಸಂತೋಷವನ್ನು ಆದಷ್ಟು ಅಡಗಿಸಿದ್ದರು.

ಹೊಸ ಸೀರೆಯಲ್ಲಿ ಬಾಗಿಲಿಗೆ ಬಂದ ಅಕ್ಕೋರ ಮುಖದ ಬಣ್ಣ ಇಳಿಯಿತು. ಮುರಿಗೆವ್ವ ಕುಳ್ಳನನ್ನು ನೋಡಿದಳು, ತನ್ನ ಬೂದಿ ಹತ್ತಿದ ಬೆರಳು ನೋಡಿದಳು, ಸೆರಗಿಗೆ ಒರೆಸಿಕೊಂಡಳು.

“ಪೂಜಿ ಅಲ್ಲರಿ. ನಿಮಗ ಎಲಿ ಹಾಕೀನಿ. ಓಣ್ಯಾಗ ನಾಯಿ ಭಾಳ, ಕಾಯಾಕಂತ ಇವನ್ನ ಕುಂದರ್ಸೇನಿ.”

“ಕಾಯಾಂವಗ ಇಬತ್ತಿ ಯಾಕ್ರಿ?” ಪ್ರಭುದಾಸರು ಬಿಡಲಿಲ್ಲ.

“ನಮ್ಮಲ್ಲಿ ಊಟಕ್ಕ ಕುಂದರೋ ಮುಂದ ಹಚ್ಕೋತಾರ್ರಿ. ಅಂವಗೂ ಹಸಿವ್ಯಾಗೇತಿ. ಆದ್ರ ನೋಡ್ರಿ, ನೀವು ಬರೂತನಕ ಒಂದ ತುತ್ತೂ ಮುಟ್ಟಿಲ್ಲ.”

ಸಭಾಪಾಲಕರು ಕುಳ್ಳನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲೇ ಕೂತು, ಕೈ ತೊಳೆಯಲು ನೀರು ಕೇಳಿದರು. ಅವರು ಕೂತ ಮೇಲೆ ಉಳಿದವರು ನಿಲ್ಲುವಂತಿರಲಿಲ್ಲ. ಕುಬೇರಪ್ಪ ಮನೆಯಿಂದ ಇನ್ನಷ್ಟು ಎಲೆ ತಂದ. ಪ್ರಭುದಾಸರಿಗೆ ಜಿಂಕೆಯ ಜಾಗ ಸಿಕ್ಕಿತು; ಬಗ್ಗಿದಾಗಲೆಲ್ಲ ಒಂದು ತೆನೆ ಅವರ ಕುತ್ತಿಗೆಗೆ ಕಚಗುಳಿ ಇಡುತ್ತಿತ್ತು. ಶೇಂಗಾ ಹೋಳಿಗೆಗೆ ಮಾತ್ರ ಅವರು ಒಮ್ಮೆಯೂ ಬೇಡ ಎನ್ನಲಿಲ್ಲ.

ಊಟದ ಕೊನೆಗೆ ಸಭಾಪಾಲಕರು ತೀರ್ಪು ಹೇಳಿದರು. ಸಿಂಗಾರ ಇಷ್ಟು ಚೆಂದ ಅವರು ಬೇರೆಲ್ಲೂ ನೋಡಿಲ್ಲ. ಆದರೆ ಹಣೆಯ ಆ ಮೂರು ಗೆರೆಗೆ ಸಭೆಯಲ್ಲಿ ಉತ್ತರ ಹೇಳುವುದು ಅವರಿಗೆ ಕಷ್ಟ. ಕೊನೆಯ ಮನೆ ಈ ಸಲವೂ ಪ್ರಭುದಾಸರದೇ.

ಅಕ್ಕೋರು ತಲೆಯಾಡಿಸಿ, ತಮ್ಮ ಪ್ಲಾಸ್ಟರ್ ಕಾಲಿನ ಮೇಲೆ ಸೀರೆಯ ಅಂಚು ಸರಿಮಾಡಿಕೊಂಡರು. ಮುರಿಗೆವ್ವ ಅದನ್ನು ನೋಡಿದಳು. ಹೋಳಿಗೆಯ ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಎಲ್ಲರೂ ಏಳಲು ಹೊರಟಾಗ ಅವಳು, ಏನೋ ಮರೆತದ್ದು ನೆನಪಾದವಳಂತೆ, ನಮ್ಮ ಕಡೆ ಎಳ್ಳಮವಾಸ್ಯೆಯ ಊಟ ಉಂಡವರು ಹಾಡದೆ ಎದ್ದರೆ ಭೂಮಿತಾಯಿ ನೊಂದುಕೊಳ್ಳುತ್ತಾಳೆ ಎಂದಳು. ಇಂಥ ಪದ್ಧತಿಯನ್ನು ಹೊಲಮನೆ ಇರುವ ಕುಬೇರಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾಯಿ ತೆರೆದ. ಹೆಂಡತಿ ಅವನ ಕಡೆ ನೋಡಿದಳು.

“ಹೌದ್ರಿ,” ಎಂದ ಕುಬೇರಪ್ಪ. “ನಮ್ಮ ಅಪ್ಪಾರ ಕಾಲದಿಂದನೂ ಐತಿ.”

ಸಭಾಪಾಲಕರು ಮೀಸೆಯೊಳಗೇ ನಕ್ಕು, ಎಷ್ಟು ಹಾಡು ಹಾಡುವ ಪದ್ಧತಿ ಎಂದು ವಿಚಾರಿಸಿದರು.

“ಎಷ್ಟು ಹೋಳಿಗಿ ಉಂಡೀರಿ, ಅಷ್ಟರಿ.”

ಹಾಡಿನ ತಂಡದವರೆಲ್ಲ ಪ್ರಭುದಾಸರ ಕಡೆ ತಿರುಗಿದರು. ಅವರು ಕೆಮ್ಮಿದರು.

ಅಕ್ಕೋರ ಕುರ್ಚಿಯನ್ನು ಎತ್ತಿ ಪೇರಲ ಗಿಡದ ಕೆಳಗೆ ತಂದಿಟ್ಟರು. ಮೊದಲ ಹಾಡಿಗೆ ಅವರ ದನಿ ಸ್ವಲ್ಪ ತಡವರಿಸಿತು, ಎರಡನೆಯದಕ್ಕೆ ತೆರೆದುಕೊಂಡಿತು. ಇಳಿಬಿಸಿಲು ಹತ್ತಿಯ ಗಡ್ಡವನ್ನು ಹಳದಿ ಮಾಡಿತ್ತು. ಹಾಡು ಬಾರದ ಮುರಿಗೆವ್ವ ಎಲ್ಲರಿಗಿಂತ ಒಂದು ಮಾತು ಹಿಂದೆ, ಎಲ್ಲರಿಗಿಂತ ಜೋರಾಗಿ ಹಾಡುತ್ತ ಎಲೆಗಳ ನಡುವೆ ಓಡಾಡಿದಳು. ಕಣ್ಣು ಮುಚ್ಚಿ ಹಾಡಿನಲ್ಲಿ ಮುಳುಗಿದ್ದ ಪ್ರಭುದಾಸರ ಎಲೆಗೆ, ಸದ್ದಾಗದ ಹಾಗೆ, ಇನ್ನೆರಡು ಹೋಳಿಗೆ ಇಟ್ಟಳು.